ಅಂತರಜಾಲದ ಆದಿಚರಿತ್ರೆಯ ಆಕರಗಳು: ದೆಹಲಿಯ ದೃಷ್ಟಿಯಿಂದ ಒಂದು ವಿವೇಚನೆ

ಭಾರತಕ್ಕೆ ಅಂತರಜಾಲವು ಬಂದುದು ಯಾವಾಗ ಎಂದು ದೆಹಲಿಯಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: 1995ನೆಯ ಇಸವಿ ಆಗಸ್ಟ್ 15. ಆ ದಿನ ವಿದೇಶ ಸಂಚಾರ ನಿಗಮವು ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸು ಎಂಬ ನಾಲ್ಕು ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಸಂಪರ್ಕವನ್ನು ಒದಗಿಸತೊಡಗಿತು. ಸ್ವಾತಂತ್ರ್ಯೋತ್ಸವದ ದಿನವಾದುದರಿಂದ ಅದು ಜನರ ನೆನಪಿನಲ್ಲಿ ಸುಲಭವಾಗಿ ನಿಂತಿತು. ಪತ್ರಿಕೆಗಳೂ ಪರೀಕ್ಷೆಗಳ ಕೈಪಿಡಿಗಳೂ ಅದನ್ನೇ ಮತ್ತೆ ಮತ್ತೆ ಹೇಳಿ ಗಟ್ಟಿಮಾಡಿದುವು. ಈ ಉತ್ತರ ಸುಳ್ಳಲ್ಲ. ಆದರೆ ಹಣ ತೆತ್ತ ಯಾರಿಗಾದರೂ ಸಂಪರ್ಕ ದೊರೆಯತೊಡಗಿದ ದಿನಕ್ಕೂ, ದೇಶದ ಗಣಕಯಂತ್ರಗಳು ಹೊರಜಗತ್ತಿನ ಯಂತ್ರಗಳೊಡನೆ ವ್ಯವಹರಿಸತೊಡಗಿದ ದಿನಕ್ಕೂ ನಡುವೆ ಹಲವು ವರ್ಷಗಳ ಅಂತರವಿದೆ. ಆ ವರ್ಷಗಳ ಕೆಲಸದಲ್ಲಿ ದೆಹಲಿಯ ಪಾಲು ದೊಡ್ಡದು. ಅದರ ಮುಂದಾಳುಗಳಲ್ಲಿ ಒಬ್ಬರು ಕನ್ನಡಿಗರು. 1995ನ್ನೇ ಆದಿಯೆಂದು ಒಪ್ಪಿಬಿಟ್ಟರೆ ಈ ಭಾಗವೆಲ್ಲ ಚರಿತ್ರೆಯಿಂದ ಜಾರಿಹೋಗುತ್ತದೆ.

ಈ ವಿಷಯವನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಆಕರಗಳ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಅಂತರಜಾಲದಲ್ಲಿಯೇ ಇವೆ. ಮನೆಯಲ್ಲಿ ಕುಳಿತೇ ನೋಡಬಹುದಾಗಿದೆ. ಕದಂಬರ ಅಥವಾ ಗಂಗರ ಚರಿತ್ರೆಯನ್ನು ಬರೆಯಹೊರಟವನಿಗೆ ಇದ್ದ ಕಷ್ಟ ಸಾಮಗ್ರಿಯ ಅಭಾವದ್ದು; ಇಲ್ಲಿಯ ಕಷ್ಟ ಅದರ ಅತಿಶಯದ್ದು. ಆದರೂ ಪರೀಕ್ಷೆಯ ಕ್ರಮ ಬೇರೆಯಾಗಬೇಕಾಗಿಲ್ಲ. ಗಂಗರ ತಾಮ್ರಪಟಗಳಲ್ಲಿ ಯಾವುವು ನೈಜ, ಯಾವುವು ಕೂಟ ಎಂಬ ವಿಷಯದಲ್ಲಿ ರೈಸ್ ಮತ್ತು ಫ್ಲೀಟ್ ಮಹಾಶಯರು ನಡೆಸಿದ ವಾದವನ್ನು ಬಲ್ಲವರಿಗೆ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಪರಿಚಿತವೇ ಆಗಿವೆ. ಬರೆದವರು ಯಾರು? ಘಟನೆಯ ಕಾಲದಲ್ಲಿಯೇ ಬರೆದರೋ, ಬಹಳ ವರ್ಷಗಳ ತರುವಾಯ ಬರೆದರೋ? ಒಮ್ಮೆ ಬರೆದುದನ್ನು ಆಮೇಲೆ ತಿದ್ದಲು ಸಾಧ್ಯವಿತ್ತೇ? ಅದು ಸ್ವತಂತ್ರ ಸಾಕ್ಷ್ಯವೋ ಮತ್ತೊಂದರ ನಕಲೋ? ಈ ಒರೆಗಲ್ಲಿಗೆ ಹಚ್ಚಿದಾಗ ಓದಲು ಸೊಗಸಾದ ಪುಟಗಳು ಅನೇಕವೇಳೆ ಹಿಂದೆ ಬೀಳುತ್ತವೆ; ನೀರಸವೆಂದು ಯಾರೂ ತೆರೆಯದ ಪಟ್ಟಿಗಳು ಮುಂದೆ ಬರುತ್ತವೆ.

ಹೀಗೆ ಮುಂದೆ ಬರುವವುಗಳಲ್ಲಿ ಮೊದಲನೆಯದು ಆರ್.ಎಫ್.ಸಿ. ಎಂಬ ಹೆಸರಿನ ಟಿಪ್ಪಣಿಗಳ ಮಾಲೆ. ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ಕಟ್ಟಲಾಗುತ್ತಿದ್ದ ಅರ್ಪಾನೆಟ್ ಎಂಬ ಜಾಲದ ಯಂತ್ರಗಳು ಒಂದರೊಡನೊಂದು ಯಾವ ಕಟ್ಟಳೆಯಿಂದ ವ್ಯವಹರಿಸಬೇಕೆಂಬುದನ್ನು ಚರ್ಚಿಸಲು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕ್ರಾಕರ್ 1969ರ ಏಪ್ರಿಲ್ 7ರಂದು ಮೊದಲನೆಯ ಟಿಪ್ಪಣಿಯನ್ನು ಬರೆದನು. ಅಧಿಕಾರದ ಸೋಂಕಿಲ್ಲದಂತೆ ಅದಕ್ಕೆ ‘ಅಭಿಪ್ರಾಯಗಳ ಕೋರಿಕೆ’ ಎಂಬರ್ಥದ ವಿನಯದ ಹೆಸರನ್ನಿಟ್ಟನು. ಅದೇ ವರ್ಷದ ಅಕ್ಟೋಬರ್ 29ರಂದು ಆ ಜಾಲದಲ್ಲಿ ಮೊದಲ ಸಂದೇಶ ಹರಿಯಿತು. ಅಂದಿನಿಂದ ಒಂದೊಂದಾಗಿ ಬೆಳೆದ ಈ ಮಾಲೆಯ ಸಂಖ್ಯೆ ಈಗ ಒಂಬತ್ತು ಸಾವಿರವನ್ನು ದಾಟಿದೆ. 1998ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ಜಾನ್ ಪೋಸ್ಟೆಲ್ ಇದರ ಸಂಪಾದಕನಾಗಿದ್ದನು.

ಚರಿತ್ರಕಾರನಿಗೆ ಈ ಮಾಲೆಯಲ್ಲಿ ಮೆಚ್ಚಿಗೆಯಾಗಬೇಕಾದ ಗುಣವೊಂದುಂಟು. ಒಮ್ಮೆ ಪ್ರಕಟವಾದ ಟಿಪ್ಪಣಿಯನ್ನು ಯಾರೂ ತಿದ್ದುವಂತಿಲ್ಲ. ತಪ್ಪು ಕಂಡುಬಂದರೆ ಅದನ್ನು ಪ್ರತ್ಯೇಕವಾದ ಒಪ್ಪೋಲೆಯಲ್ಲಿ ನಮೂದಿಸುತ್ತಾರೆ. ಮತ ಬದಲಾದರೆ ಹೊಸ ಸಂಖ್ಯೆಯ ಟಿಪ್ಪಣಿಯನ್ನು ಹೊರಡಿಸುತ್ತಾರೆ. ಹಳೆಯದು ಇದ್ದಂತೆಯೇ ಉಳಿಯುತ್ತದೆ. ಹೀಗಾಗಿ ಜಾಲದ ಯಂತ್ರಗಳೆಲ್ಲ 1983ರ ಜನವರಿ 1ರಂದು ಹಳೆಯ ಕಟ್ಟಳೆಯನ್ನು ಬಿಟ್ಟು ಇಂದಿಗೂ ನಡೆಯುತ್ತಿರುವ ಕಟ್ಟಳೆಗೆ ಬದಲಾದ ಸಂಗತಿಯನ್ನು ಅರಿಯಲು ಯಾರ ನೆನಪನ್ನೂ ಅವಲಂಬಿಸಬೇಕಾಗಿಲ್ಲ. ಆ ಬದಲಾವಣೆಯ ಯೋಜನೆಯು 1981ರ ನವೆಂಬರಿನ 801ನೆಯ ಟಿಪ್ಪಣಿಯಲ್ಲಿ, ಘಟನೆಗೆ ಒಂದು ವರ್ಷಕ್ಕೂ ಹಿಂದೆ ಬರೆದಿಟ್ಟ ರೂಪದಲ್ಲಿಯೇ ದೊರೆಯುತ್ತದೆ.

ಆದರೆ ಮಾಲೆಯಲ್ಲಿ ಸೇರಿದೆ ಎಂಬ ಮಾತ್ರಕ್ಕೆ ಎಲ್ಲ ಟಿಪ್ಪಣಿಯೂ ಸಮಾನವಾಗಿ ಪ್ರಮಾಣವಾಗದು. 1997ರ ನವೆಂಬರಿನಲ್ಲಿ ಪ್ರಕಟವಾದ 2235ನೆಯ ಟಿಪ್ಪಣಿಯು ರಾಬರ್ಟ್ ಜಾಕನ್ ಎಂಬಾತನು ಸಂಗ್ರಹಿಸಿದ ಕಾಲಾನುಕ್ರಮಣಿಕೆ. ಅದರಲ್ಲಿ 1990ನೆಯ ವರ್ಷದ ಕೆಳಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಜಾಲಕ್ಕೆ ಸೇರಿಕೊಂಡ ದೇಶಗಳ ಹೆಸರುಗಳಿವೆ; ಆರ್ಜೆಂಟೀನ, ಬ್ರೆಜಿಲ್, ದಕ್ಷಿಣ ಕೊರಿಯಗಳ ಜೊತೆಗೆ ಭಾರತವೂ ಇದೆ. ಜನಪ್ರಿಯವಾದ 1995ಕ್ಕಿಂತ ಇದು ಐದು ವರ್ಷ ಹಿಂದಿನದು. ಈ ಉಲ್ಲೇಖ ಬಹು ಮುಖ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದು ಏಳು ವರ್ಷಗಳ ಬಳಿಕ ಮಾಡಿದ ಸಂಗ್ರಹವೆಂಬುದನ್ನು ಮರೆಯಬಾರದು. ಅದನ್ನು ಬೇರೊಂದು ಸಾಕ್ಷ್ಯದೊಡನೆ ಇಟ್ಟು ನೋಡಬೇಕು.

ಅಂಥ ಸಾಕ್ಷ್ಯವೊಂದು ವಿಳಾಸಗಳ ಮೂಲ ದಾಖಲೆಯಲ್ಲಿದೆ. ಭಾರತದ ತಾಣಗಳ ಕೊನೆಯಲ್ಲಿ ಬರುವ ‘ಡಾಟ್ ಇನ್’ ಎಂಬ ಗುರುತು ಜಗತ್ತಿನ ವಿಳಾಸಪಟ್ಟಿಯನ್ನು ಕಾಯುವ ಅಯಾನ ಸಂಸ್ಥೆಯ ದಾಖಲೆಯ ಪ್ರಕಾರ 1989ರ ಮೇ 8ರಂದು ನೋಂದಣಿಯಾಯಿತು. ಈ ಪುಟವು ನಾಲ್ಕಾರು ಸಾಲಿನದು, ಅಲಂಕಾರವೇನೂ ಇಲ್ಲ. ಇದನ್ನು ಓದುವಾಗಲೂ ಒಂದು ಎಚ್ಚರ ಬೇಕು. ನೋಂದಣಿಯ ದಿನದ ಜೊತೆಯಲ್ಲಿಯೇ ನಿರ್ವಾಹಕ ಸಂಸ್ಥೆಯೆಂದು ದೆಹಲಿಯಲ್ಲಿರುವ ನಿಕ್ಸಿಯ ಹೆಸರು ಕಾಣುತ್ತದೆ. ನಿಕ್ಸಿ ಹುಟ್ಟಿದ್ದೇ 2003ರಲ್ಲಿ. ಅದಕ್ಕೆ ಮುಂಚೆ ಈ ಗುರುತನ್ನು ನೋಡಿಕೊಳ್ಳುತ್ತಿದ್ದುದು ಮುಂಬಯಿಯ ಎನ್.ಸಿ.ಎಸ್.ಟಿ. ಎಂಬ ಸಂಶೋಧನ ಸಂಸ್ಥೆ. ಒಂದೇ ಕಲ್ಲಿನ ಮೇಲೆ ಎರಡು ಕಾಲದ ಅಕ್ಷರಗಳಿರುವಂತೆ ಒಂದೇ ಪುಟದಲ್ಲಿ ಎರಡು ಕಾಲದ ಸಂಗತಿಗಳು ಬೆರೆತಿವೆ. ಇದನ್ನರಿಯದವನು 1989ರಲ್ಲಿಯೇ ನಿಕ್ಸಿ ಇತ್ತೆಂದು ಬರೆದಾನು.

ಈ ನೋಂದಣಿಯ ಹಿಂದಿದ್ದ ಉದ್ಯಮವೆಂದರೆ ಅರ್ನೆಟ್. ದೆಹಲಿಯ ವಿದ್ಯುನ್ಮಾನ ಇಲಾಖೆಯು ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮದ ಧನಸಹಾಯದಿಂದ 1986ರಲ್ಲಿ ಇದನ್ನು ಆರಂಭಿಸಿತು. ಮೊದಲಿಗೆ ಎಂಟು ಸಂಸ್ಥೆಗಳು ಸೇರಿದುವು: ದೆಹಲಿ, ಮುಂಬಯಿ, ಕಾನ್ಪುರ, ಖರಗಪುರ, ಮದರಾಸುಗಳ ಐ.ಐ.ಟಿ.ಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮೇಲೆ ಹೇಳಿದ ಎನ್.ಸಿ.ಎಸ್.ಟಿ., ಮತ್ತು ಸ್ವತಃ ವಿದ್ಯುನ್ಮಾನ ಇಲಾಖೆ. ಅರ್ನೆಟ್ ತನ್ನ ಚರಿತ್ರೆಯನ್ನು ತಾನೇ ಬರೆದು ಪ್ರಕಟಿಸಿಕೊಂಡಿದೆ. ಸಂಸ್ಥೆಗಳು ತಮ್ಮ ಬಗೆಗೆ ಬರೆದುಕೊಂಡುದನ್ನು ಹೇಗೆ ಓದಬೇಕೆಂಬುದಕ್ಕೆ ಶಾಸನಗಳೇ ದಾರಿ ತೋರಿಸುತ್ತವೆ. ಶಾಸನದ ಪ್ರಶಸ್ತಿಭಾಗದಲ್ಲಿ ಅರಸನು ಸಮಸ್ತ ಶತ್ರುಗಳನ್ನೂ ಗೆದ್ದಿರುತ್ತಾನೆ; ಅದನ್ನು ತೂಗಿ ನೋಡಬೇಕು. ಕೆಳಗೆ ಬರುವ ದತ್ತಿಯ ಭಾಗದಲ್ಲಿ ಗದ್ದೆಯ ಅಳತೆ, ಎಲ್ಲೆಯ ಕಲ್ಲು, ಕೆರೆಯ ಏರಿ ಇವುಗಳ ವಿವರವಿರುತ್ತದೆ. ಅದನ್ನು ಸಾಮಾನ್ಯವಾಗಿ ನಂಬಬಹುದು. ಅರ್ನೆಟ್ಟಿನ ವೃತ್ತಾಂತದಲ್ಲಿಯೂ ಎರಡು ಭಾಗಗಳನ್ನು ಬೇರ್ಪಡಿಸಬಹುದು. ತಾನು ಅಗ್ರಗಾಮಿಯೆಂಬ ಮಾತು ಪ್ರಶಸ್ತಿ. ಬಾಡಿಗೆಯ ಮೊದಲ ತಂತಿಮಾರ್ಗವು 1991ರ ಜನವರಿಯಲ್ಲಿ ದೆಹಲಿ–ಮುಂಬಯಿಗಳ ನಡುವೆ ಸೆಕೆಂಡಿಗೆ 9.6 ಕಿಲೋಬಿಟ್ ವೇಗದಲ್ಲಿ ಸ್ಥಾಪಿತವಾಯಿತೆಂಬುದು ದತ್ತಿ. ಅದಕ್ಕೆ ಹಂಚಿಕೆಯಾದ 144.16 ಎಂದು ಮೊದಲಾಗುವ ಅಂಕಿಗಳ ವಿಳಾಸಸಮೂಹವನ್ನು ಇಂದಿಗೂ ನೋಂದಣಿಯ ಪಟ್ಟಿಯಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದಾಗಿದೆ.

9.6 ಕಿಲೋಬಿಟ್ ಎಂದರೆ ಎಷ್ಟು? ಸೆಕೆಂಡಿಗೆ ಸುಮಾರು 1,200 ಅಕ್ಷರಸಂಕೇತಗಳು. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯಿಂದ ತೆಗೆದ, ಮೂರು ಮೆಗಾಬೈಟ್ ತೂಕದ ಒಂದು ಭಾವಚಿತ್ರವನ್ನು ಆ ಮಾರ್ಗದಲ್ಲಿ ದೆಹಲಿಯಿಂದ ಮುಂಬಯಿಗೆ ಕಳುಹಿಸಲು, ಬೇರೆ ಯಾರೂ ಅದನ್ನು ಬಳಸದಿದ್ದರೂ, ನಲವತ್ತು ನಿಮಿಷಗಳಿಗಿಂತ ಹೆಚ್ಚು ಬೇಕಾಗುತ್ತಿತ್ತು. ಅಂಥ ಇಕ್ಕಟ್ಟಿನ ದಾರಿಯನ್ನೇ ವಿದ್ವಾಂಸರು ಹಂಚಿಕೊಂಡು ಪತ್ರವ್ಯವಹಾರ ನಡೆಸಿದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಂಚೆವಿಳಾಸದಲ್ಲಿ ಬಹುಕಾಲ ಉಳಿದಿದ್ದ ‘ಅರ್ನೆಟ್ ಡಾಟ್ ಇನ್’ ಎಂಬ ಬಾಲವು ಆ ದಿನಗಳ ಕುರುಹು.

ಅರ್ನೆಟ್ ವಿದ್ವಾಂಸರ ಜಾಲವಾದರೆ ನಿಕ್‌ನೆಟ್ ಸರ್ಕಾರದ ಜಾಲ. ಇದರ ವಿಷಯದಲ್ಲಿ ಆಕರಗಳ ತೊಡಕು ಹೆಚ್ಚು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 1976ರಲ್ಲಿ ಸ್ಥಾಪಿತವಾಯಿತು. ಅದನ್ನು ಕಟ್ಟಿ ಮೊದಲ ಮಹಾನಿರ್ದೇಶಕರಾದವರು ಕರ್ನಾಟಕದ ಡಾ. ಎನ್. ಶೇಷಗಿರಿ. 1982ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಫಲಿತಾಂಶಗಳನ್ನು ಗಣಕಯಂತ್ರದ ಮೂಲಕ ಒದಗಿಸಿದ ಕಾರ್ಯದಿಂದ ಈ ಕೇಂದ್ರದ ಹೆಸರು ಹೊರಗಿನವರಿಗೆ ಪರಿಚಯವಾಯಿತು. ಜಿಲ್ಲಾ ಕೇಂದ್ರಗಳನ್ನು ಉಪಗ್ರಹದ ಮೂಲಕ ರಾಜಧಾನಿಗೆ ಜೋಡಿಸುವ ನಿಕ್‌ನೆಟ್ 1987ರಲ್ಲಿ ಮೊದಲಾಯಿತು. ಗುಡ್ಡಗಾಡಿನ ಜಿಲ್ಲೆಗೂ ದೆಹಲಿಯ ಲೋದಿ ರಸ್ತೆಗೂ ನಡುವೆ ತಂತಿಯನ್ನೆಳೆಯದೆ, ಕಚೇರಿಯ ಮಾಳಿಗೆಯ ಮೇಲಿನ ಒಂದು ಚಿಕ್ಕ ತಟ್ಟೆಯಿಂದಲೇ ಅಂಕಿ-ಅಂಶಗಳನ್ನು ಕಳುಹಿಸುವ ಏರ್ಪಾಡು ಅದು. ದೆಹಲಿಯ ಕನ್ನಡ ಶಾಲೆಗೆ ಅಷ್ಟೇನೂ ದೂರವಲ್ಲದ ಆ ಕಚೇರಿಗಳ ಸಮುಚ್ಚಯದ ಮುಂದೆ ನಿತ್ಯವೂ ಹಾದುಹೋಗುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದೀತು ಎಂದು ಕೇಳಿಕೊಳ್ಳುವಂತಾಗಿದೆ. ಶೇಷಗಿರಿಯವರಿಗೆ 2005ರಲ್ಲಿ ಪದ್ಮಭೂಷಣ ಸಂದಿತು. 2013ರಲ್ಲಿ ಅವರು ತೀರಿಕೊಂಡರು.

ನಿಕ್‌ನೆಟ್ಟಿನ ಆರಂಭ 1995ರಲ್ಲಿ ಎಂದು ಹೇಳುವ ಪುಟಗಳೂ ಅಂತರಜಾಲದಲ್ಲಿವೆ, ಅವು ಒಂದೆರಡಲ್ಲ. ಆದರೆ ಅವುಗಳ ಮಾತುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ವಾಕ್ಯರಚನೆಯೇ ಒಂದಾಗಿರುವುದು ಗೊತ್ತಾಗುತ್ತದೆ. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳನ್ನು ಗ್ರಂಥಸಂಪಾದಕನು ಹತ್ತು ಸಾಕ್ಷ್ಯಗಳೆಂದು ಎಣಿಸುವುದಿಲ್ಲ, ಇಲ್ಲಿಯೂ ಎಣಿಸಲಾಗದು. 1995ಕ್ಕೆ ಹಿಂದಿನ ಲೋಕಸಭೆಯ ಪ್ರಶ್ನೋತ್ತರಗಳಲ್ಲಿಯೇ ನಿಕ್‌ನೆಟ್ ಎಂಬ ಹೆಸರು ಬರುತ್ತದೆ ಎಂಬ ಒಂದೇ ಅಂಶ ಈ ಪುಟಗಳೆಲ್ಲವನ್ನೂ ಅಲ್ಲಗಳೆಯಲು ಸಾಕು. ಸಂಸತ್ತಿನ ನಡವಳಿಗಳ ಅಂಕೀಯ ಗ್ರಂಥಭಂಡಾರವು ಈ ದೃಷ್ಟಿಯಿಂದ ಬಹು ಉಪಯುಕ್ತವಾದ ಆಕರ. ಅದನ್ನು ಈ ವಿಷಯಕ್ಕಾಗಿ ತೆರೆದು ನೋಡುವವರು ವಿರಳ. ಮುದ್ರಿತ ಸಂಪುಟಗಳ ಛಾಯಾಪ್ರತಿಗಳನ್ನು ಯಂತ್ರವು ಓದಿ ಪದಸೂಚಿಯನ್ನು ಮಾಡಿರುವುದರಿಂದ ಅಕ್ಷರಗಳು ಅಲ್ಲಲ್ಲಿ ಕೆಟ್ಟಿರುತ್ತವೆ. ಹುಡುಕಿದ ಪದ ಸಿಕ್ಕದೆ ಹೋದರೆ ಇಲ್ಲವೆಂದು ತೀರ್ಮಾನಿಸದೆ ದಿನಾಂಕವನ್ನು ಹಿಡಿದು ಪುಟವನ್ನೇ ಓದಬೇಕು. ಮಂತ್ರಿಗಳ ಉತ್ತರವೂ ಒಂದು ಬಗೆಯ ಪ್ರಶಸ್ತಿಯೆಂಬುದು ನಿಜ. ಆದರೂ ಆ ದಿನ ಆ ಮಾತನ್ನು ಸಭೆಯಲ್ಲಿ ಹೇಳಲಾಯಿತೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಆರಂಭದ ನಿಕ್‌ನೆಟ್ಟಿನಲ್ಲಿ ನಡೆಯುತ್ತಿದ್ದುದು ಎಕ್ಸ್.25 ಎಂಬ ಬೇರೆ ಕಟ್ಟಳೆ. ಅರ್ನೆಟ್ಟಿನಲ್ಲಿಯೂ ಮೊದಲು ದೂರವಾಣಿಯ ಮೂಲಕ ಸರದಿಯಲ್ಲಿ ಸಾಗುವ ಅಂಚೆ ಮಾತ್ರವಿದ್ದಿತು, ಆಮೇಲೂ ಎರಡು ಕಟ್ಟಳೆಗಳು ಜೊತೆಯಾಗಿ ನಡೆದುವು. ಹಾಗಿದ್ದರೆ ಇವನ್ನು ಅಂತರಜಾಲವೆಂದು ಕರೆಯಬಹುದೇ? ಆಕ್ಷೇಪ ಸಾಧುವಾದುದೇ. ಇದಕ್ಕೆ ನೆರವಾಗುವ ಆಕರವೆಂದರೆ ಅಮೆರಿಕದ ಪ್ರಾಧ್ಯಾಪಕ ಲ್ಯಾರಿ ಲ್ಯಾಂಡ್‌ವೆಬರ್ ಆ ವರ್ಷಗಳಲ್ಲಿ ಕಾಲಕಾಲಕ್ಕೆ ಹೊರಡಿಸುತ್ತಿದ್ದ ಕೋಷ್ಟಕಗಳು. ಪ್ರತಿಯೊಂದು ದೇಶದ ಎದುರಿನಲ್ಲಿಯೂ ಯಾವ ಯಾವ ಬಗೆಯ ಸಂಪರ್ಕವಿದೆ ಎಂಬುದನ್ನು ಒಂದೊಂದು ಅಕ್ಷರದಿಂದ ಸೂಚಿಸಿದೆ. ಸಂಪರ್ಕ ವಿರಳವಾಗಿದ್ದರೆ ಸಣ್ಣ ಅಕ್ಷರ, ವ್ಯಾಪಕವಾಗಿದ್ದರೆ ದೊಡ್ಡ ಅಕ್ಷರ. ಅಂಚೆಯ ಸಂಪರ್ಕ ಬೇರೆ, ಪೂರ್ಣ ಅಂತರಜಾಲ ಬೇರೆ ಎಂಬ ವಿವೇಕ ಆ ಕಾಲದವರಿಗೇ ಇದ್ದಿತೆಂಬುದು ಇದರಿಂದ ಸಿದ್ಧಪಡುತ್ತದೆ. 1986, 1987, 1989, 1990, 1995 ಎಂಬ ವರ್ಷಗಳಲ್ಲಿ ಯಾವುದು ಸರಿ ಎಂಬ ವಾದ ಆಗ ಅನಾವಶ್ಯಕವಾಗುತ್ತದೆ. ಉದ್ಯಮದ ಆರಂಭ, ಸರ್ಕಾರಿ ಜಾಲದ ಆರಂಭ, ವಿಳಾಸದ ನೋಂದಣಿ, ಹೊರದೇಶದ ಜಾಲದೊಡನೆ ಕೂಡಿಕೆ, ಸಾರ್ವಜನಿಕ ಸೇವೆ ಎಂಬ ಐದು ಬೇರೆ ಬೇರೆ ಪ್ರಶ್ನೆಗಳಿಗೆ ಅವು ಉತ್ತರಗಳು.

ಕೆಲಸ ಮಾಡಿದವರ ಬಾಯಿಂದಲೇ ಕೇಳಿ ಬರೆದುಕೊಂಡ ನೆನಪುಗಳು ಮತ್ತೊಂದು ವರ್ಗ. ಮಿನೆಸೋಟ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಬ್ಯಾಬೇಜ್ ಸಂಸ್ಥೆಯವರು 1990ರ ಸುಮಾರಿಗೆ ಅಮೆರಿಕದ ಆದ್ಯರನ್ನು ಸಂದರ್ಶಿಸಿ ಇರಿಸಿರುವ ಮಾತುಗಳು ಉತ್ಕೃಷ್ಟವಾದುವು. ಅಂತರಜಾಲವು ಇನ್ನೂ ಲೋಕಪ್ರಸಿದ್ಧವಾಗುವ ಮುನ್ನವೇ ಕೇಳಿದುದರಿಂದ ಅವುಗಳಲ್ಲಿ ಕೀರ್ತಿಯ ಬಣ್ಣ ಕಡಿಮೆ. ಅದಕ್ಕೆ ಹೋಲಿಸಿದರೆ ಸೆರ್ಫ್, ಕಾನ್, ಪೋಸ್ಟೆಲ್ ಮೊದಲಾದವರು ಕೂಡಿ ಬರೆದು ಇಂಟರ್‌ನೆಟ್ ಸೊಸೈಟಿಯ ಮೂಲಕ 1997ರಲ್ಲಿ ಪ್ರಕಟಿಸಿದ ಸಂಕ್ಷಿಪ್ತ ಚರಿತ್ರೆ ಹೆಚ್ಚು ಓದಲ್ಪಡುತ್ತದೆ. ಅದು ಅಧಿಕೃತವೂ ಹೌದು. ಆದರೆ ಕಟ್ಟಿದವರೇ ಹೇಳುವ ಕಥೆಯಲ್ಲಿ ಕಟ್ಟದೆ ಬಿಟ್ಟುದರ ಮಾತು ಬರುವುದಿಲ್ಲ, ದೂರದ ದೇಶಗಳ ಮಾತಂತೂ ತೀರ ಅಲ್ಪ. ಭಾರತದ ಪಾಲಿಗೆ ಎನ್.ಸಿ.ಎಸ್.ಟಿ.ಯ ನಿರ್ದೇಶಕರಾಗಿದ್ದ ಶ್ರೀನಿವಾಸನ್ ರಮಣಿಯವರು 2014ರಲ್ಲಿ ಅಂತರಜಾಲದ ಕೀರ್ತಿಮಂದಿರಕ್ಕೆ ಸೇರ್ಪಡೆಯಾದುದರಿಂದ ಮುಂಬಯಿಯ ವೃತ್ತಾಂತ ಒಂದಿಷ್ಟು ಬೆಳಕಿಗೆ ಬಂದಿದೆ. ದೆಹಲಿಯ ವೃತ್ತಾಂತಕ್ಕೆ ಆ ಭಾಗ್ಯ ಅಷ್ಟಾಗಿ ಒದಗಿಲ್ಲ.

ಇನ್ನು ಎಲ್ಲರೂ ಮೊದಲು ಹೆಸರಿಸುವ ಆಕರ, ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್‌ನೆಟ್ ಆರ್ಕೈವ್. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಜಾಲತಾಣಗಳ ಪ್ರತಿಗಳನ್ನು ತೆಗೆದಿರಿಸುತ್ತ ಬಂದು 2001ರ ಅಕ್ಟೋಬರಿನಲ್ಲಿ ಅವನ್ನು ಸಾರ್ವಜನಿಕರಿಗೆ ತೆರೆಯಿತು. ಪ್ರತಿಯೊಂದು ಪ್ರತಿಯ ವಿಳಾಸದಲ್ಲಿಯೂ ಹದಿನಾಲ್ಕು ಅಂಕಿಗಳಿರುತ್ತವೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಯಾವ ಶಾಸನಕ್ಕೂ ಇಷ್ಟು ಸೂಕ್ಷ್ಮವಾದ ಮಿತಿಯಿಲ್ಲ. ಆದರೆ ಆ ಅಂಕಿಗಳು ಹೇಳುವುದು ಪ್ರತಿ ತೆಗೆದ ಕಾಲವನ್ನು, ಪುಟ ಬರೆದ ಕಾಲವನ್ನಲ್ಲ. ಬೇಡಿದ ದಿನದ ಪ್ರತಿ ಇಲ್ಲದಿದ್ದರೆ ಯಂತ್ರವು ಹತ್ತಿರದ ಮತ್ತೊಂದು ದಿನದ್ದನ್ನು ತೋರಿಸಿಬಿಡುತ್ತದೆ. ಪುಟದ ಬರಹ ಒಂದು ದಿನದ್ದಾಗಿ ಅದರೊಳಗಿನ ಚಿತ್ರ ಮತ್ತೊಂದು ವರ್ಷದ್ದಾಗಿರುವುದೂ ಉಂಟು. ಸಂಗ್ರಹ ಮೊದಲಾದುದೇ 1996ರಲ್ಲಾದ್ದರಿಂದ 1995ರ ಆಗಸ್ಟ್ ತಿಂಗಳ ಪುಟಗಳನ್ನು ಅಲ್ಲಿ ನಿರೀಕ್ಷಿಸಲಾಗದು. ಜಗತ್ತಿನ ಮೊತ್ತಮೊದಲ ಜಾಲತಾಣವೂ ಹೀಗೆಯೇ ಭಾಗಶಃ ಲುಪ್ತವಾಗಿದೆ: ಜಿನೀವದ ಸರ್ನ್ ಸಂಸ್ಥೆಯವರು 2013ರಲ್ಲಿ ಅದನ್ನು ಹಳೆಯ ವಿಳಾಸದಲ್ಲಿಯೇ ಪುನಃ ಸ್ಥಾಪಿಸಿದಾಗ ಅವರಿಗೆ ದೊರೆತುದು 1992ರ ಪ್ರತಿ, 1991ರ ಮೂಲವಲ್ಲ. ದೆಹಲಿಯ ಸರ್ಕಾರಿ ತಾಣಗಳಲ್ಲಿ ಅನೇಕವು ‘ನಿಕ್ ಡಾಟ್ ಇನ್’ ಎಂಬ ಹೆಸರನ್ನು ಬಿಟ್ಟು ‘ಗವ್ ಡಾಟ್ ಇನ್’ ಆದ ಮೇಲೆ ಹಳೆಯ ಲೇಖನಗಳಲ್ಲಿ ಕೊಟ್ಟಿರುವ ವಿಳಾಸಗಳು ನಿರರ್ಥಕವಾದುವು; ಅವುಗಳ ಹಿಂದಿನ ರೂಪವನ್ನು ಕಾಣಲು ಈ ಸಂಗ್ರಹವೇ ಗತಿ.

ಕನ್ನಡದ ಮಟ್ಟಿಗೆ ಈ ಸಂಗ್ರಹದಲ್ಲಿ ಬೇರೊಂದು ವಿಪತ್ತು ಕಾದಿದೆ. ಕನ್ನಡ ಅಕ್ಷರಗಳಿಗೆ ಗಣಕಯಂತ್ರದಲ್ಲಿ ನಿಯತವಾದ ಸಂಕೇತಗಳು ಇಲ್ಲದಿರಲಿಲ್ಲ. ದೆಹಲಿಯ ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಇಸ್ಕಿ ಎಂಬ ಮಾನಕವನ್ನು ಪ್ರಕಟಿಸಿತು; ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಸಾಮಾನ್ಯರ ಯಂತ್ರಗಳು ಯೂನಿಕೋಡ್ ಕನ್ನಡವನ್ನು ತೋರಿಸಲು 2001ರ ವಿಂಡೋಸ್ ಎಕ್ಸ್‌ಪಿ ಬರಬೇಕಾಯಿತು. ನಡುವಣ ಹತ್ತು ವರ್ಷಗಳಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನದೇ ಅಕ್ಷರಮಾದರಿಯನ್ನು ಬಳಸಿತು. ರೋಮನ್ ಅಕ್ಷರದ ಸಂಕೇತದ ಮೇಲೆ ಕನ್ನಡದ ತುಂಡುಗಳ ಚಿತ್ರವನ್ನು ಕೂರಿಸಿ ತೋರಿಸುವ ಉಪಾಯ ಅದು. ಯು. ಬಿ. ಪವನಜ ಅವರು 1996ರಲ್ಲಿ ಮೊದಲು ಮಾಡಿದ ‘ವಿಶ್ವಕನ್ನಡ’ದ ಕಾಲದ ಕನ್ನಡ ಪುಟಗಳೆಲ್ಲ ಇಂಥ ಉಪಾಯಗಳನ್ನು ಆಶ್ರಯಿಸಬೇಕಾಗಿತ್ತು. ಸಂಗ್ರಹಕಾರನ ಯಂತ್ರ ಪುಟವನ್ನು ಎತ್ತಿಟ್ಟುಕೊಂಡಿತು. ಅಕ್ಷರಮಾದರಿಯ ಕಡತವನ್ನು ಎಲ್ಲೆಡೆಯೂ ಎತ್ತಿಕೊಳ್ಳಲಿಲ್ಲ. ಆದುದರಿಂದ ಇಂದು ಆ ಪುಟಗಳನ್ನು ತೆರೆದಾಗ ಅನೇಕವೇಳೆ ಕಾಣುವುದು ಚುಕ್ಕೆ-ಗೆರೆಗಳನ್ನು ಹೊತ್ತ ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳು.

ಇದನ್ನು ಅಳಿದ ಶಾಸನವೆಂದು ಕೈಬಿಡಲಾಗದು. ಲಿಪಿಯ ಕೀಲಿ ಕಳೆದ ಶಾಸನವಷ್ಟೆ. ಬರಹ, ನುಡಿ ಮುಂತಾಗಿ ವ್ಯಾಪಕವಾಗಿ ಬಳಕೆಯಾದ ಮಾದರಿಗಳಿಗೆ ಪರಿವರ್ತಕಗಳಿವೆ. ಅವುಗಳಿಂದ ಬರೆದ ಪುಟಗಳನ್ನು ಓದಿಕೊಳ್ಳಬಹುದು. ಅಷ್ಟು ಪ್ರಚಾರಕ್ಕೆ ಬಾರದ ಮಾದರಿಗಳ ಪುಟಗಳಿಗೆ ಆ ಕಾಲದ ಅಕ್ಷರಮಾದರಿಯ ಕಡತವೇ ಬೇಕು. ದೆಹಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಯಾರದೋ ಮನೆಯ ಅಟ್ಟದ ಮೇಲೆ, ಹಳೆಯ ಫ್ಲಾಪಿಗಳ ಪೆಟ್ಟಿಗೆಯಲ್ಲಿ, ಅಂಥ ಕಡತಗಳು ಉಳಿದಿರಬಹುದಾಗಿದೆ. ಕಾಂತಪಟ್ಟಿಯ ಮೇಲಿನ ಬರಹ ವರ್ಷದಿಂದ ವರ್ಷಕ್ಕೆ ಮಾಸುತ್ತಿರುವುದರಿಂದ ಆ ಪೆಟ್ಟಿಗೆಗಳನ್ನು ತೆರೆಯುವ ಕೆಲಸ ಮೊದಲು ಆಗಬೇಕಾಗಿದೆ.